ಒಂದೇ ಹೆಸರಿನ ಎರಡು ಕಾರ್ಡು

ಸಿದ್ದರಾಜು ಕಂಪ್ಯೂಟರಿನ ಯಾವ ಕಾರ್ಡನ್ನೇ ಆಗಲಿ, ಡಬ್ಬದಿಂದ ಹೊರಗೆ ತೆಗೆಯುವ ಮೊದಲು ಕಿಟಕಿಯ ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಕಣ್ಣು ಮುಚ್ಚುತ್ತಿರಲಿಲ್ಲ, ತುಟಿ ಅಲ್ಲಾಡುತ್ತಿರಲಿಲ್ಲ. ಆದರೂ ಅರಿಸಿನ-ಕುಂಕುಮ, ಊದುಬತ್ತಿ ಮಾರುವ ಪಕ್ಕದ ಗ್ರಂಧಿಗೆ ಅಂಗಡಿಯ ಯಜಮಾನರು ಅದನ್ನು ಪ್ರಾರ್ಥನೆ ಎಂದೇ ತಿಳಿದಿದ್ದರು. ಒಂದು ದಿನ ನಾನು ಅಲ್ಲಿದ್ದಾಗಲೇ ಕೇಳಿದರು: “ಅಲ್ಲಯ್ಯ ಸಿದ್ದರಾಜು, ಕಿಟಕಿಗೆ ಯಾತಕ್ಕೆ ಕೈ ಮುಗೀತೀಯ?”

“ಕೈ ಮುಗಿಯದಲ್ಲ ಸ್ವಾಮಿ, ಮೈಯಲ್ಲಿರೋ ಕರೆಂಟು ಇಳಿಸ್ಕೊತೀನಿ. ನೋಡಿ, ಸರಳಿಗೆ ಅರ್ಥಿಂಗ್ ತಂತಿ ಸುತ್ತಿವ್ನಿ. ನಮ್ ಮೈಲಿರದು ನಮಗೆ ಗೊತ್ತಾಗಕ್ಕಿಲ್ಲ, ಕಾರ್ಡಿಗೆ ಗೊತ್ತಾಯ್ತದೆ. ಒಂದು ಕಿಡಿ ಹಾರುದ್ರೆ ಸತ್ತೋಯ್ತದೆ.”

ಯಜಮಾನರು ನಕ್ಕು ಒಳಗೆ ಹೋದರು. ಸಿದ್ದರಾಜು ನಗಲಿಲ್ಲ. ಕೆಲಸದ ವಿಷಯದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ.

ಅವರ ಅಂಗಡಿ ಇದ್ದದ್ದು ಅಗ್ರಹಾರದ ಒಂದು ಇಕ್ಕಟ್ಟಾದ ಬೀದಿಯಲ್ಲಿ. ಹಳೆಯ ಮನೆಯೊಂದರ ಜಗಲಿಗೆ ಗೋಡೆ ಕಟ್ಟಿ ಮಾಡಿದ ಕೋಣೆ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ಬೀದಿಯಲ್ಲೇ ನಿಲ್ಲಬೇಕು. ಗೋಡೆಯ ಮೇಲೆ ಬುದ್ಧನ ಒಂದು ಚಿಕ್ಕ ಪಟ, ಕೆಳಗೆ ಮೇಜು, ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ನಾಲ್ಕೈದು ಕಂಪ್ಯೂಟರುಗಳು. ಅವರು ಐವತ್ತು ದಾಟಿದ ತೆಳ್ಳನೆಯ ಆಳು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲಿ ಒಂದು ಸ್ಕ್ರೂಡ್ರೈವರ್ ಯಾವಾಗಲೂ ಇರುತ್ತಿತ್ತು. ಅವರ ತಂದೆ ನಂಜನಗೂಡಿನ ಕಡೆಯಿಂದ ಗಾರೆ ಕೆಲಸಕ್ಕೆಂದು ಮೈಸೂರಿಗೆ ಬಂದು, ದಲಿತರೇ ಹೆಚ್ಚಾಗಿರುವ ಅಶೋಕಪುರಂನಲ್ಲಿ ನೆಲೆಸಿದವರು. ಮಗ ರೇಡಿಯೋ ರಿಪೇರಿ ಕಲಿತು, ಅಲ್ಲಿಂದ ಟೀವಿಗೆ, ಟೀವಿಯಿಂದ ಕಂಪ್ಯೂಟರಿಗೆ ಬಂದಿದ್ದರು. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಅವರಷ್ಟು ತಿಳಿದವರನ್ನು ನಾನು ಈ ಊರಿನಲ್ಲಿ ಕಂಡಿಲ್ಲ.

ನಾನು ಆಗ ಸರಸ್ವತಿಪುರಂನ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ಮೇಷ್ಟ್ರು. ಇನ್ನೂ ಕಟ್ಟದ ಮನೆಗಳು ಕಟ್ಟಿದ ಮೇಲೆ ಹೇಗೆ ಕಾಣುತ್ತವೆ ಎಂಬುದನ್ನು ಕಂಪ್ಯೂಟರಿನಲ್ಲಿ ಚಿತ್ರಿಸುವುದನ್ನು ಹೇಳಿಕೊಡುತ್ತಿದ್ದೆ. ಆ ಕೆಲಸಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಬೇಕೇ ಬೇಕು. ಪರದೆಯ ಮೇಲೆ ಚಿತ್ರ ಮೂಡಿಸುವ ದುಡಿಮೆಯನ್ನೆಲ್ಲ ಹೊರುವ, ಅಂಗೈಗಿಂತ ತುಸು ಉದ್ದದ ಫಲಕ ಅದು. ಮನೆಯ ಕಂಪ್ಯೂಟರಿಗೆ ಒಂದು ಕೊಳ್ಳೋಣವೆಂದು ಹೊರಟಾಗ ಎರಡು ಕಾರ್ಡುಗಳ ನಡುವೆ ಸಿಕ್ಕಿಕೊಂಡೆ. ಒಂದು ಹೊಸದು, ವೇಗದ್ದು, ಆದರೆ ನೆನಪಿನ ಜಾಗ ಎಂಟು ಜೀಬಿ. ಇನ್ನೊಂದು ಹಿಂದಿನ ಪೀಳಿಗೆಯದು, ನಿಧಾನ, ಆದರೆ ಹನ್ನೆರಡು ಜೀಬಿ. ಯಾರೋ ಸಿದ್ದರಾಜುವಿನ ಹೆಸರು ಹೇಳಿದರು. ನಾನು ಎರಡರ ಅಂಕಿ-ಅಂಶಗಳನ್ನೂ ಅಚ್ಚು ಹಾಕಿಸಿಕೊಂಡು ಹೋಗಿದ್ದೆ. ಅವರು ಆ ಹಾಳೆಯನ್ನು ಮಗುಚಿ ಇಟ್ಟರು.

“ಡಬ್ಬದ ಮೇಲೆ ಬರ್ದಿರದು ಜಾತಕ ಮೇಷ್ಟ್ರೇ. ಸಂಸಾರ ಮಾಡ್ದಾಗಲೇ ಗೊತ್ತಾಗದು. ನಾಳಿಕ್ಕೆ ನಿಮ್ದೇ ಒಂದು ಕೆಲ್ಸ ತಗಬನ್ನಿ. ಭಾರದ್ದು ತನ್ನಿ, ಸುಮ್ ಸುಮ್ಮನೆ ಚೆಂದದ್ದಲ್ಲ.”

ಮರುದಿನ ಬೆಳಿಗ್ಗೆ ನಾನು ತಂದ ಚಿತ್ರವನ್ನು, ನೂರಾರು ಮರಗಳಿದ್ದ ಒಂದು ಬಡಾವಣೆಯ ನೋಟವನ್ನು, ಎರಡು ಕಾರ್ಡಿಗೂ ಒಂದಾದ ಮೇಲೊಂದು ಕೊಟ್ಟರು. ಒಂದೇ ಯಂತ್ರ, ಒಂದೇ ಫ್ಯಾನು, ಕಿಟಕಿ ಎರಡು ಸಲವೂ ಅಷ್ಟೇ ತೆರೆದಿರಬೇಕು. ನಾನು ಬಾಗಿಲಿನ ಬಳಿ ಗಾಳಿಗೆ ಅಡ್ಡ ನಿಂತದ್ದಕ್ಕೆ ಮೊದಲ ಪರೀಕ್ಷೆಯನ್ನು ಅಳಿಸಿ ಮತ್ತೆ ಮಾಡಿದರು. ಗೆರೆ ಹಾಳೆಯ ಪುಸ್ತಕದಲ್ಲಿ ಹೊತ್ತು, ಬಿಸಿ, ಎಳೆದ ವಿದ್ಯುತ್ತು ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡರು. ಮೊದಲು ಕೊಟ್ಟ ಅವರದೇ ಒಂದು ಚಿಕ್ಕ ಚಿತ್ರದಲ್ಲಿ ಹೊಸ ಕಾರ್ಡು ಸುಲಭವಾಗಿ ಗೆದ್ದಿತು. ನನ್ನ ದೊಡ್ಡದರಲ್ಲಿ ಅದು ಏದುಸಿರು ಬಿಡುತ್ತಾ ಹಿಂದೆ ಬಿತ್ತು.

“ಈ ಹೊಸದ್ರಲ್ಲಿ ಅಡುಗೆಯೋರು ಜಾಸ್ತಿ, ಕೈನೂ ಚುರುಕು. ಆದ್ರೆ ಕಟ್ಟೆ ಚಿಕ್ಕದು. ಹೆಚ್ಚಿದ ತರಕಾರಿ ಮಡಗಕ್ಕೆ ಜಾಗ ಇಲ್ದೆ ಉಗ್ರಾಣಕ್ಕೂ ಒಲೆಗೂ ಓಡಾಡ್ತಾ ಅವ್ರೆ. ಹಳೇದ್ರಲ್ಲಿ ನಾಲ್ಕೇ ಜನ, ಆದ್ರೆ ಎಲ್ಲಾ ಕೈಗೆಟಕಂಗದೆ. ನಿಮ್ದು ಮದುವೆ ಮನೆ ಅಡುಗೆ. ಹಳೇದೇ ತಗೊಳಿ.”

ಹೊಸದು ಅವರ ಅಂಗಡಿಯಲ್ಲಿ ಮಾರಾಟಕ್ಕಿತ್ತು. ಹಳೆಯದು ಇರಲಿಲ್ಲ, ನನಗೆ ತೋರಿಸಲೆಂದು ಬೇರೆಯವರಿಂದ ತಂದಿದ್ದರು. ಅದು ಸಿಗುವ ಅಂಗಡಿಯ ದಾರಿ ಹೇಳಿ ಕಳಿಸಿದರು. ಆವತ್ತಿನಿಂದ ನಮ್ಮ ಕೇಂದ್ರದ ಸಣ್ಣಪುಟ್ಟ ರಿಪೇರಿಗಳನ್ನೆಲ್ಲ ನಾನು ಅವರಿಗೇ ಕೊಡತೊಡಗಿದೆ.

ಹೋಲಿಸಿ ನೋಡುವುದು ಅವರಿಗೆ ರಕ್ತದಲ್ಲೇ ಬಂದಿತ್ತು. ಒಂದೇ ಹೋಟೆಲಿನ ಎರಡು ಕಾಫಿ ಬಂದರೆ ಎರಡನ್ನೂ ಒಂದೊಂದು ಗುಟುಕು ಕುಡಿದು, “ಇದು ಡಿಕಾಕ್ಷನ್ ಎರಡನೇ ಸಲದ್ದು” ಎಂದು ಒಳ್ಳೆಯದನ್ನು ನನ್ನ ಕಡೆ ತಳ್ಳುತ್ತಿದ್ದರು. ಆದರೆ ಮನುಷ್ಯರನ್ನು ಹೋಲಿಸಿ ಮಾತಾಡಿದ್ದನ್ನು ಕೇಳಿಲ್ಲ. ಅವರ ಮಗಳು ಮೈತ್ರಿ ಪಿಯುಸಿಯಲ್ಲಿ ಅಷ್ಟೇನೂ ಅಂಕ ತೆಗೆಯದಿದ್ದಾಗ ನಾನು ಯಾರದೋ ಮಗಳ ಮಾತೆತ್ತಿದೆ. “ಅವಳ ಕೆಲ್ಸ ಬೇರೆ, ಇವಳ ಕೆಲ್ಸ ಬೇರೆ ಮೇಷ್ಟ್ರೇ” ಎಂದು ಅಲ್ಲಿಗೇ ಮುಗಿಸಿದರು.

ನಮ್ಮ ಕೇಂದ್ರದಲ್ಲಿ ಹೊಸ ಲ್ಯಾಬು ಆದ ವರ್ಷ ಇಪ್ಪತ್ತು ಕಾರ್ಡುಗಳು ಬಂದವು. ತಂದುಕೊಟ್ಟವನು ಕಾರ್ಯದರ್ಶಿಗಳ ಭಾವಮೈದುನ. ಮೊದಲ ಎರಡು ವಾರ ಏನೂ ತೊಂದರೆಯಾಗಲಿಲ್ಲ. ವಿದ್ಯಾರ್ಥಿಗಳು ದೊಡ್ಡ ಚಿತ್ರಗಳನ್ನು ತೆರೆಯತೊಡಗಿದ ಮೇಲೆ ಒಂದರ ಹಿಂದೊಂದು ಪರದೆ ಕಪ್ಪಾಗತೊಡಗಿತು. ನಾನು ಒಂದು ಕಾರ್ಡನ್ನು ಅಗ್ರಹಾರಕ್ಕೆ ತೆಗೆದುಕೊಂಡು ಹೋದೆ.

ಸಿದ್ದರಾಜು ಅದರ ಹಿಂಬದಿಯನ್ನು ನೋಡಿದವರೇ, “ಈ ಹೆಸರಿನ ಕಾರ್ಡಿಗೆ ಈ ಹಳೇ ನೀಲಿ ಸಾಕೆಟ್ಟು ಇರಕ್ಕಿಲ್ಲವಲ್ಲ” ಎಂದರು. ಅದೇ ಹೆಸರಿನ ಅಸಲಿ ಕಾರ್ಡೊಂದು ಅವರಲ್ಲಿತ್ತು. ಎರಡನ್ನೂ ಒಂದೇ ಯಂತ್ರಕ್ಕೆ ಸರದಿಯಂತೆ ಹಾಕಿದರು. ಎರಡೂ ತಮ್ಮ ಹೆಸರನ್ನು ಒಂದೇ ರೀತಿ ಹೇಳಿದವು, ನಾಲ್ಕು ಜೀಬಿ ಜಾಗವಿದೆ ಎಂದೇ ಹೇಳಿದವು. ಕೆಲಸ ಕೊಟ್ಟಾಗ ಅಸಲಿಯದು ಆರು ನಿಮಿಷದಲ್ಲಿ ಮುಗಿಸಿತು. ನಮ್ಮದು ಒಂದು ಜೀಬಿ ತುಂಬುತ್ತಿದ್ದಂತೆ ಕಪ್ಪಾಯಿತು. ಮತ್ತೆ ಮಾಡಿದರು. ಮತ್ತೆ ಅಲ್ಲೇ ಕಪ್ಪಾಯಿತು.

“ಹತ್ತು ವರ್ಷದ ಹಿಂದಿನ ಕಾರ್ಡು ಮೇಷ್ಟ್ರೇ ಇದು. ಒಳಗೆ ಹೆಸರು ಬರ್ದಿಡೋ ಒಂದು ಚಿಪ್ಪಿರ್ತದೆ, ಅದನ್ನ ತಿದ್ದವ್ರೆ. ಕಂಪ್ಯೂಟರು ಕೇಳುದ್ರೆ ಸುಳ್ಳು ಹೆಸರು ಹೇಳ್ತದೆ. ಪಾಪ, ಅದಕ್ಕೇನು ಗೊತ್ತು, ಹೇಳಿಕೊಟ್ಟಂಗೆ ಹೇಳ್ತದೆ.” ನನ್ನ ಒಪ್ಪಿಗೆ ಕೇಳಿ ಸೀಲು ಒಡೆದು, ಮೇಲಿನ ಲೋಹದ ಹೊದಿಕೆ ಬಿಚ್ಚಿ, ನಡುವಿನ ಚಿಪ್ಪಿನ ಮೇಲಿದ್ದ ಬೂದುಬಣ್ಣದ ಲೇಪವನ್ನು ಬಟ್ಟೆಯಿಂದ ಒರೆಸಿದರು. ಅಲ್ಲಿ ಕೆತ್ತಿದ್ದ ಅಂಕಿ ಬೇರೆಯೇ ಇತ್ತು.

ಉಳಿದ ಹತ್ತೊಂಬತ್ತನ್ನೂ ನೋಡಲು ನಾನೇ ಅವರನ್ನು ಲ್ಯಾಬಿಗೆ ಕರೆದೆ. ಶನಿವಾರ, ಭಾನುವಾರ ಎರಡು ದಿನ ಕೂತರು. ನಾನು ಅವರ ಪಕ್ಕದಲ್ಲೇ ಇದ್ದೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಹೋಗಿ ಬರುತ್ತೇನೆ, ನೀವು ಕೆಲಸ ನಡೆಸಿ ಎಂದಾಗ ಅವರು ಥಟ್ಟನೆ ಎದ್ದು ನಿಂತರು.

“ಬ್ಯಾಡಿ ಮೇಷ್ಟ್ರೇ, ನಾನೂ ಬತ್ತೀನಿ. ಬೀಗ ನೀವೇ ಹಾಕಿ, ಕೀನೂ ನೀವೇ ಮಡಿಕಳಿ. ನಮ್ಮಂಥೋರು ಇಂಥ ಜಾಗದಲ್ಲಿ ಒಬ್ಬೊಬ್ಬರೇ ಇರಬಾರದು.”

ನಾನು ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಇಬ್ಬರೂ ಮೂಲೆಯ ಮೆಸ್ಸಿನಲ್ಲಿ ಮುದ್ದೆ ಊಟ ಮಾಡಿದೆವು. ಮುಕ್ಕಾಲು ಗಂಟೆಯಲ್ಲಿ ಜೊತೆಯಾಗಿಯೇ ಹಿಂತಿರುಗಿದೆವು. ಸಂಜೆಯ ಹೊತ್ತಿಗೆ ವರದಿ ಸಿದ್ಧವಾಯಿತು. ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ‘ಹೇಳಿಕೊಳ್ಳುವುದು’, ಬಲಕ್ಕೆ ‘ಇರುವುದು’. ಇಪ್ಪತ್ತು ಸಾಲು, ಕೆಳಗೆ ದುಂಡನೆಯ ಅಕ್ಷರದಲ್ಲಿ ಅವರ ಸಹಿ.

ಸೋಮವಾರ ಕಾರ್ಯದರ್ಶಿಗಳು ಆ ಹಾಳೆಯನ್ನು ಎರಡು ಸಲ ಓದಿದರು.

“ಸೀಲು ಒಡೆದೋರು ಯಾರು?”

“ಸಿದ್ದರಾಜು ಸಾರ್. ನನ್ನ ಎದುರಿಗೇ.”

“ಮನೆ ಎಲ್ಲಿ ಅವಂದು?”

“ಅಶೋಕಪುರಂ.”

ಅವರು ಹಾಳೆಯನ್ನು ಮಡಿಸಿ ಡ್ರಾಯರಿಗೆ ಹಾಕಿದರು. ಆಮೇಲೆ ನಿಧಾನವಾಗಿ, ನನಗೆ ಪಾಠ ಹೇಳುವವರಂತೆ ಹೇಳಿದರು: “ಅಸಲಿ ಕಾರ್ಡುಗಳೇ ಬಂದಿದ್ದವು. ಅವನು ಬದಲಾಯಿಸಿದ್ದಾನೆ. ರಿಪೇರಿಗೆ ಅಂತ ಬರ್ತಾ ಹೋಗ್ತಾ ಇದ್ದೋನಲ್ವಾ.” ನಾನು ಬಾಯಿ ತೆರೆಯುವ ಮೊದಲೇ, “ನಿಮ್ಮ ನೌಕರಿ ಖಾಯಂ ಮಾಡೋ ಆರ್ಡರು ಈ ತಿಂಗಳೇ ಕಮಿಟಿ ಮುಂದೆ ಬರುತ್ತೆ, ಗೊತ್ತಲ್ಲ?” ಎಂದರು. ಆಗ ನನ್ನ ಹೆಂಡತಿಗೆ ಏಳು ತಿಂಗಳು.

ಮಧ್ಯಾಹ್ನ ಠಾಣೆಯಿಂದ ಒಬ್ಬ ಸಬ್ ಇನ್ಸ್‌ಪೆಕ್ಟರ್ ಬಂದರು. ಕಾರ್ಯದರ್ಶಿಗಳ ಕೋಣೆಯಲ್ಲೇ ನನ್ನನ್ನು ಕೂರಿಸಿ ಕೇಳಿದರು.

“ಅವನು ಟೆಸ್ಟ್ ಮಾಡುವಾಗ ಪೂರ್ತಿ ಹೊತ್ತು ನೀವು ಲ್ಯಾಬಲ್ಲೇ ಇದ್ರಾ?”

ಕಾರ್ಯದರ್ಶಿಗಳು ನನ್ನನ್ನೇ ನೋಡುತ್ತಿದ್ದರು.

“ಭಾನುವಾರ ಊಟಕ್ಕೆ ಹೊರಗೆ ಹೋಗಿದ್ದೆ ಸಾರ್.”

“ಎಷ್ಟು ಹೊತ್ತು?”

“ಮುಕ್ಕಾಲು ಗಂಟೆ.”

ಅವರು ಅದನ್ನು ಬರೆದುಕೊಂಡರು. ಸಿದ್ದರಾಜು ಆಗ ಎಲ್ಲಿದ್ದರು ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ಬರೆದದ್ದರ ಕೆಳಗೆ ಸಹಿ ಹಾಕಿದೆ.

ಮಾರನೆಯ ಬೆಳಿಗ್ಗೆ ಜೀಪು ಅಶೋಕಪುರಂಗೆ ಹೋಯಿತು. ಸಿದ್ದರಾಜು ತಿಂಡಿಗೆ ಕೂತಿದ್ದರಂತೆ. ಅರ್ಧಕ್ಕೇ ಎಬ್ಬಿಸಿ, ಬೀದಿಯೆಲ್ಲ ನೋಡುತ್ತಿರುವಂತೆ ಹತ್ತಿಸಿಕೊಂಡು ಹೋದರು. ವಿಚಾರಣೆ ಎಂದು ಮೂರು ದಿನ ಠಾಣೆಗೆ ಕರೆಸಿ ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ಅಂಗಡಿಯನ್ನು ಜಾಲಾಡಿದರು. ಅವರು ಹುಡುಕುತ್ತಿದ್ದ ಇಪ್ಪತ್ತು ಅಸಲಿ ಕಾರ್ಡುಗಳು ಅಲ್ಲಿರಲಿಲ್ಲ, ಎಲ್ಲೂ ಇರಲಿಲ್ಲ, ಇದ್ದರಲ್ಲವೇ ಸಿಗಲು. ಆದರೆ ರಿಪೇರಿಗೆ ಬಂದಿದ್ದ ಎಂಟು ಕಂಪ್ಯೂಟರುಗಳನ್ನೂ, ಗೆರೆ ಹಾಳೆಯ ಪುಸ್ತಕಗಳನ್ನೂ ಹೊತ್ತುಕೊಂಡು ಹೋದರು. ಸಾಕ್ಷಿಯಿಲ್ಲದೆ ಕೇಸು ನಿಲ್ಲಲಿಲ್ಲ. ಕಂಪ್ಯೂಟರುಗಳು ಮಾತ್ರ ತಿಂಗಳುಗಟ್ಟಲೆ ಠಾಣೆಯಲ್ಲೇ ಉಳಿದವು. ಅವುಗಳ ಯಜಮಾನರು ದಿನವೂ ಅಂಗಡಿಯ ಮುಂದೆ ಬಂದು ನಿಂತು ಕೂಗಾಡಿದರು. ಒಬ್ಬ ಹುಡುಗಿಯ ವರ್ಷದ ಪ್ರಾಜೆಕ್ಟೆಲ್ಲ ಅವುಗಳಲ್ಲೊಂದರಲ್ಲಿತ್ತಂತೆ, ಅವಳು ಬಾಗಿಲಲ್ಲಿ ಕೂತು ಅತ್ತುಬಿಟ್ಟಳಂತೆ. ಮನೆಯ ಮಾಲೀಕರು, “ನೀನು ಕದ್ದಿದೀಯೋ ಇಲ್ವೋ, ನಮ್ಮ ಮನೆ ಮುಂದೆ ಪೊಲೀಸು ಬರೋದು ಬೇಡಪ್ಪ” ಎಂದು ಅಂಗಡಿಯ ಕೋಣೆ ಬಿಡಿಸಿದರು.

ಇದನ್ನೆಲ್ಲ ನನಗೆ ಹೇಳಿದವರು ಗ್ರಂಧಿಗೆ ಅಂಗಡಿಯ ಯಜಮಾನರು, ಬಹಳ ದಿನಗಳ ಮೇಲೆ, ಒಂದು ಮದುವೆಯ ಊಟದ ಸಾಲಿನಲ್ಲಿ. ನಾನು ಮಾತ್ರ ಅಗ್ರಹಾರದ ಕಡೆಗೆ ತಲೆ ಹಾಕಿರಲಿಲ್ಲ. ನನ್ನ ಆರ್ಡರು ಬಂದಿತ್ತು. ಮಗ ಹುಟ್ಟಿದ್ದ. ದಸರಾ ರಜೆಯಲ್ಲಿ, ಲ್ಯಾಬು ಖಾಲಿಯಿದ್ದಾಗ, ಅದೇ ಭಾವಮೈದುನ ಬಂದು ಇಪ್ಪತ್ತು ಕಾರ್ಡುಗಳನ್ನೂ ಸದ್ದಿಲ್ಲದೆ ಬದಲಿಸಿ ಹೋದ. ಹೊಸವು ಚೆನ್ನಾಗಿ ಕೆಲಸ ಮಾಡಿದವು. ಆ ಲ್ಯಾಬಿನಲ್ಲಿ ನಿಂತು ಪಾಠ ಹೇಳುವಾಗ ನನ್ನ ಧ್ವನಿಯೇ ನನಗೆ ಯಾರದೋ ಎನ್ನಿಸುತ್ತಿತ್ತು. ಆದರೂ ಹೇಳಿದೆ. ಎರಡು ವರ್ಷ ಹೇಳಿದೆ.

ಆಮೇಲೆ ಒಂದು ಮಧ್ಯಾಹ್ನ ಕೇಂದ್ರಕ್ಕೆ ಮೇಜು ಕುರ್ಚಿಗಳನ್ನು ತರಲು ಮಂಡಕಳ್ಳಿಯ ಹತ್ತಿರದ ಒಂದು ಗೋದಾಮಿಗೆ ಹೋದೆ. ಗೇಟಿನಲ್ಲಿ ಕಾವಲುಗಾರ ರಿಜಿಸ್ಟರು ಮುಂದಿಟ್ಟು, “ಹೆಸ್ರು, ಗಾಡಿ ನಂಬ್ರ ಬರೀರಿ” ಎಂದ. ಧ್ವನಿ ಕೇಳಿ ತಲೆಯೆತ್ತಿದೆ. ಸಿದ್ದರಾಜು. ನೀಲಿ ಸಮವಸ್ತ್ರ ಅವರ ಮೈಗೆ ಎರಡಳತೆ ದೊಡ್ಡದಿತ್ತು. ಕೆನ್ನೆ ಒಳಗೆ ಸೇರಿತ್ತು.

“ಚೆನ್ನಾಗಿದ್ದೀರಾ ಮೇಷ್ಟ್ರೇ? ಮನೇಲಿ ಏನು ಮಗು?”

“ಗಂಡು” ಎಂದೆ. ಅವರು ತಮ್ಮ ಸ್ಟೂಲನ್ನು ನನ್ನ ಕಡೆ ತಳ್ಳಿ ತಾವು ಗೋಡೆಗೆ ಒರಗಿ ನಿಂತರು. ಮೇಲೆ ಒಂದು ವಿಮಾನ ಇಳಿಯುತ್ತಿತ್ತು. ಅದರ ಸದ್ದು ಅಡಗಲೆಂದು ಇಬ್ಬರೂ ಕಾದೆವು.

“ನನ್ನಿಂದ ತಪ್ಪಾಯ್ತು ಸಿದ್ದರಾಜು. ನಾನು ಆವತ್ತು...”

“ನಂಗೊತ್ತು. ನೀವು ಹೇಳಿದ್ದನ್ನ ಠಾಣೇಲಿ ಓದಿ ಹೇಳುದ್ರು. ನೀವು ಸುಳ್ಳು ಹೇಳಿರಲಿಲ್ಲ ಮೇಷ್ಟ್ರೇ. ಅದೇ ಕಷ್ಟ ಆಗೋಗಿದ್ದು. ಸುಳ್ಳಾಗಿದ್ರೆ ಸುಳ್ಳು ಅಂತ ಕೂಗ್ಬೋದಿತ್ತು. ಊಟಕ್ಕೆ ಹೋಗಿದ್ದು ನಿಜ ತಾನೇ? ‘ನಾನೂ ಜೊತೇಲಿ ಹೋಗಿದ್ದೆ ಸಾ, ಮೆಸ್ಸಿನೋರ ಕೇಳಿ’ ಅಂದೆ. ಯಾರೂ ಕೇಳಕ್ಕೋಗಲಿಲ್ಲ.”

“ನಾನು ಬರೆದುಕೊಡ್ತೀನಿ. ನಡೆದದ್ದೆಲ್ಲ.”

ಅವರು ರಿಜಿಸ್ಟರು ಮುಚ್ಚಿ ನನ್ನ ಕಡೆ ತಿರುಗಿದರು. ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ಬರ್ಯಂಗಿದ್ರೆ ಬೇಗ ಬರೀರಿ. ಮೈತ್ರಿಗೆ ಗಂಡು ನೋಡ್ತಾ ಇವ್ನಿ. ಬಂದೋರು ಬೀದೀಲಿ ವಿಚಾರಿಸ್ತಾರೆ. ವಿಚಾರಿಸಿಕೊಂಡು ವಾಪಸ್ಸು ಬರಲ್ಲ.” ಲಾರಿಯೊಂದು ಗೇಟಿಗೆ ಬಂತು. ಅವರು ಗೇಟು ತೆಗೆಯಲು ಹೋದರು.

ಬೇಗ ಬರೆಯಲಿಲ್ಲ. ಬರೆದರೆ ನೌಕರಿ ಹೋಗುತ್ತದೆಂದು ಗೊತ್ತಿತ್ತು. ಬೇರೆ ನೌಕರಿ ಹುಡುಕಿಕೊಂಡು ಆಮೇಲೆ ಬರೆಯೋಣವೆಂದುಕೊಂಡೆ. ಹುಡುಕಲು ನಾಲ್ಕು ತಿಂಗಳು ಬೇಕಾಯಿತು. ರಾಜೀನಾಮೆ ಕೊಟ್ಟ ದಿನವೇ ಎರಡು ಪುಟದ ಹೇಳಿಕೆ ಬರೆದು ಸಹಿ ಹಾಕಿ, ಒಂದು ಪ್ರತಿಯನ್ನು ಠಾಣೆಗೂ ಒಂದನ್ನು ಕೇಂದ್ರದ ಕಮಿಟಿಗೂ ಕೊಟ್ಟು, ಮೂರನೆಯದನ್ನು ಹಿಡಿದು ಅಶೋಕಪುರಂಗೆ ಹೋದೆ. ಅವರ ಮನೆಗೆ ನಾನು ಹೋದದ್ದು ಅದೇ ಮೊದಲು.

ಬಾಗಿಲಲ್ಲಿ ಅವರ ಹೆಂಡತಿ ಜಯಮ್ಮ ಇದ್ದರು. ಒಳಗೆ ಕುರ್ಚಿಯ ಮೇಲೆ ಸಿದ್ದರಾಜುವಿನ ಫೋಟೋ, ಅದಕ್ಕೊಂದು ಬಿಳಿ ಹೂವಿನ ಹಾರ. ಹನ್ನೊಂದು ದಿನವಾಗಿತ್ತು. ಗೋದಾಮಿನ ಗೇಟಿನಲ್ಲಿ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲವಂತೆ.

ನಾನು ಯಾರೆಂದು ಹೇಳಿದೆ. ಜಯಮ್ಮ ನನ್ನನ್ನು ಒಳಗೆ ಕರೆಯಲಿಲ್ಲ. ಕಾಗದ ಕೊಟ್ಟೆ. ಅವರಿಗೆ ಓದು ಬರುತ್ತಿರಲಿಲ್ಲ. ಮೈತ್ರಿ ಹೊರಗೆ ಬಂದು ಓದಿ, ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ಜಯಮ್ಮ ಕಾಗದವನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದನ್ನ ಇನ್ನು ಯಾರಿಗೆ ತೋರಿಸಾನ ಸಾಮಿ?”

ಕಾಗದವನ್ನು ನನ್ನ ಕೈಗೇ ವಾಪಸ್ಸು ಕೊಟ್ಟರು.

“ಅವತ್ತು ಜೀಪು ಇಲ್ಲೇ ನಿಂತಿತ್ತು. ಈ ಬೀದಿ ಪೂರಾ ನೋಡ್ತು. ನೀವು ಬರ್ದಿರೋದು ದಿಟವಾದ್ರೆ ಇಲ್ಲೇ ನಿಂತ್ಕಂಡು ಓದಿ. ಜೋರಾಗಿ ಓದಿ.”

ಮೈತ್ರಿ ಅಕ್ಕಪಕ್ಕದ ಬಾಗಿಲು ತಟ್ಟಿದಳು. ಎದುರು ಮನೆಯ ಮುದುಕಿ, ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು, ಆಟೋ ತೊಳೆಯುತ್ತಿದ್ದ ಒಬ್ಬ, ಎಲ್ಲ ಸೇರಿ ಹತ್ತು ಹನ್ನೆರಡು ಜನ ಬಂದು ನಿಂತರು. ನಾನು ಓದಿದೆ. ಸಿದ್ದರಾಜು ಏನನ್ನೂ ಕದ್ದಿರಲಿಲ್ಲವೆಂದು ಓದಿದೆ. ಬೀಗ ಹಾಕಿದವನು ನಾನು, ಕೀಲಿ ಇದ್ದದ್ದು ನನ್ನ ಜೇಬಿನಲ್ಲಿ, ಅವರು ನನ್ನ ಎದುರಿಗೆ ಕೂತು ಉಣ್ಣುತ್ತಿದ್ದರು ಎಂದು ಓದಿದೆ. ಗೊತ್ತಿದ್ದೂ ಹೇಳಲಿಲ್ಲ ಎಂಬಲ್ಲಿಗೆ ಬಂದಾಗ ಧ್ವನಿ ಕುಗ್ಗಿತು. “ಕೇಳಿಸ್ಲಿಲ್ಲ” ಎಂದಳು ಮುದುಕಿ. ಆ ಸಾಲನ್ನು ಮತ್ತೊಮ್ಮೆ ಓದಿದೆ.

ಮುಗಿದ ಮೇಲೆ ಆಟೋದವನು ಬಕೆಟ್ಟಿನ ಹತ್ತಿರಕ್ಕೆ ವಾಪಸ್ಸು ಹೋದ. ಜಯಮ್ಮ ಕೈ ಚಾಚಿದರು, ಕಾಗದ ಕೊಟ್ಟೆ.

“ಆಯ್ತಲ್ಲ, ಹೊರಡಿ ಇನ್ನು” ಎಂದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.